‘ನಿಧಾನ’ ನಿಲ್ದಾಣದ ಎಡಗೈ

“ಇನ್ನೊಂದು ಸಲ ಹಾಕಿ ಭಾವ,” ಎಂದಳು ಚಿಕ್ಕಮ್ಮ.

“ಹದಿನೇಳು ಸಲ ಆಯ್ತು. ಹದಿನೆಂಟನೇ ಸಲಕ್ಕೆ ಆ ಕೈ ಬಂದು ನಿಂಗೆ ನಮಸ್ಕಾರ ಮಾಡುತ್ತಾ?” ಗಾರ್ಡ್ ಸಾಹೇಬರು ಕೈಗಡಿಯಾರ ನೋಡಿಕೊಂಡರು. “ಮೂರೂವರೆ. ನಾಲ್ಕಕ್ಕೆ ನಾನು ಹೊರಡೋನೇ. ನಿಮ್ಮಕ್ಕ ಕಾಲಿಗೆ ಬಿದ್ರೂ ಅಷ್ಟೇ, ನೀನು ತಲೆ ಕೆಳಗಾಗಿ ನಿಂತ್ರೂ ಅಷ್ಟೇ.”

ಅವರ ಅಂಗಿಯ ಜೇಬಿನಿಂದ ದೂರಿನ ಕಾಗದ ತಲೆ ಹೊರಗೆ ಹಾಕಿತ್ತು. ಮೂವತ್ತೈದು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ನಿಂತ ಮನುಷ್ಯ. ಒಂದು ದಿನವೂ ತಮ್ಮಿಂದಾಗಿ ಗಾಡಿ ತಡವಾಗಲು ಬಿಟ್ಟವರಲ್ಲ. ಪೊಲೀಸು ದೂರನ್ನು ಮಾತ್ರ ತಡ ಮಾಡುತ್ತಾರೆಯೇ?

ಒಂಬತ್ತು ದಿನದ ಹಿಂದೆ ಮಹಡಿಯ ಈ ಬೊಂಬೆ ರೈಲಿನ ಕೋಣೆಯ ಗಾಜಿನ ಬೀರುವಿನಿಂದ ಹಿತ್ತಾಳೆಯ ಇಂಜಿನ್ ಮಾಯವಾಗಿತ್ತು. ಅದನ್ನು ಎತ್ತಿಕೊಂಡ ಎಡಗೈ ಆಗ ಓಡುತ್ತಿದ್ದ ಕ್ಯಾಮೆರಾದ ಫಿಲ್ಮಿನಲ್ಲಿ ಸಿಕ್ಕಿಬಿದ್ದಿತ್ತು. ಮನೆಯಲ್ಲಿ ಎಡಚ ಎಂದರೆ ಅಳಿಯನೊಬ್ಬನೇ.

ಆ ಇಂಜಿನ್ ಗಾರ್ಡ್ ಸಾಹೇಬರ ಅಪ್ಪ ಕೈಯಾರೆ ಮಾಡಿದ್ದು. ರೈಲ್ವೆ ಕಾರ್ಖಾನೆಯ ಫಿಟ್ಟರ್ ಆತ. ಬಿಡುವು ಸಿಕ್ಕಾಗಲೆಲ್ಲ ಅರ ಹಿಡಿದು ಉಜ್ಜಿ ಉಜ್ಜಿ ಎರಡು ವರ್ಷದಲ್ಲಿ ಮುಗಿಸಿದ್ದ. ಅಂಗೈಯಗಲದ ಆ ಇಂಜಿನ್ನಿನ ಮುಂದೆ ಗಾರ್ಡ್ ಸಾಹೇಬರು ದಿನಾ ಬೆಳಿಗ್ಗೆ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಈಗ ಬರಿದಾದ ಬೀರುವಿನ ಮುಂದೆ ನಿಂತುಕೊಳ್ಳುತ್ತಾರೆ. ಹಾಗೆ ನಿಂತಷ್ಟೂ ಅಳಿಯನ ಮೇಲಿನ ಸಿಟ್ಟು ಒಲೆಯ ಮೇಲಿಟ್ಟ ಹಾಲಿನ ಹಾಗೆ ಉಕ್ಕುತ್ತದೆ.

ಅಳಿಯ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಪೊಲೀಸರು ಒಂದೇ ಒಂದು ಸಲ ಶಾಲೆಯ ಗೇಟಿಗೆ ಬಂದು ಅವನ ಹೆಸರು ಕೇಳಿದರೂ ಸಾಕು, ಕೆಲಸಕ್ಕೆ ಎಳ್ಳುನೀರು. ಮಗಳಂತೂ ಅಪ್ಪನ ಕೂಡ ಮಾತು ಬಿಟ್ಟು ಇಂದಿಗೆ ಒಂಬತ್ತು ದಿನ. ಅವಳ ಪೆಟ್ಟಿಗೆ ಕೆಳಗಿನ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ತಯಾರಾಗಿ ಕೂತಿದೆ. ಅಪ್ಪ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಗಳಿಗೆಗೆ ತಾನು ಈ ಮನೆಯ ಹೊಸ್ತಿಲು ದಾಟುತ್ತೇನೆ ಎಂದು ಅವಳ ಹಟ. ಹಟದಲ್ಲಿ ಅಪ್ಪನ ಮಗಳೇ.

“ಹಾಕಿ ಭಾವ. ನಿಮ್ಮ ಗಡಿಯಾರದಲ್ಲಿ ಇನ್ನೂ ಮೂವತ್ತು ನಿಮಿಷ ಇದೆ.”

ಗೊಣಗುತ್ತಲೇ ಗುಂಡಿ ಒತ್ತಿದರು. ಎದುರಿನ ಬಿಳಿ ಗೋಡೆಯ ಮೇಲೆ ಬೆಳಕು ಮಿಣಮಿಣ ಎಂದಿತು.

ಎಪ್ಪತ್ತು ಎಂಬತ್ತು ವರ್ಷದ ಹಿಂದಿನದು ಎಂದು ಯಾರು ಬೇಕಾದರೂ ನಂಬುವಂಥ ಚಿತ್ರ. ಕಪ್ಪು ಬಿಳುಪು. ಮೇಲಿಂದ ಕೆಳಕ್ಕೆ ಗೀರುಗಳ ಮಳೆ. ಚೌಕಟ್ಟು ಸಣ್ಣಗೆ ನಡುಗುತ್ತಿದೆ. ಒಂದು ಪುಟ್ಟ ನಿಲ್ದಾಣ, ಪ್ಲಾಟ್‌ಫಾರಂ ಮೇಲೆ ಪೆಟ್ಟಿಗೆ ಹೊತ್ತ ಹೆಂಗಸು, ನಾಯಿ, ಟೋಪಿ ತೆಗೆದು ನಿಂತ ಮುದುಕ. ಹಲಗೆಯ ಮೇಲೆ ಊರಿನ ಹೆಸರು: ‘ನಿಧಾನ’. ಸುರಂಗದಿಂದ ಹತ್ತಿಯ ಹೊಗೆ ಕಾರುತ್ತ ರೈಲು ಬರುತ್ತದೆ.

ಹೆಸರು ಗಾರ್ಡ್ ಸಾಹೇಬರದೇ. ಬೊಂಬೆ ರೈಲು ಜೋರಾಗಿ ಓಡಿದರೆ ಅದು ಬೊಂಬೆ. ನಿಧಾನವಾಗಿ ಓಡಿದರೆ ರೈಲು. ಇದು ಅವರು ಅಳಿಯನಿಗೆ ಹೇಳಿಕೊಟ್ಟ ಮೊದಲ ಪಾಠ. ಮಾವ ಹಳಿ, ಗುಡ್ಡ, ಸೇತುವೆ ಕಟ್ಟುವುದು. ಅಳಿಯ ಅದನ್ನು ಚಿತ್ರ ತೆಗೆದು ಹಳೆಯ ಕಾಲದ ಬಣ್ಣ ಕೊಡುವುದು. ಮಾವನ ನಲವತ್ತು ವರ್ಷದ ಗೆಳೆಯ ಹಲ್ಲು ಡಾಕ್ಟರು ತಮ್ಮ ದವಾಖಾನೆಯಲ್ಲಿ ಹಲ್ಲಿನ ಅಚ್ಚು ತೆಗೆಯುವ ಬಿಳಿ ಪುಡಿಯಿಂದ ಬೆರಳ ಉಗುರಿನಷ್ಟು ಜನರನ್ನು ಎರೆದು ಕೊಡುವುದು. ನಾಲ್ಕು ವರ್ಷದಿಂದ ಮೂವರಿಗೂ ಇದೇ ಹುಚ್ಚು.

“ಬಂತು,” ಎಂದರು ಗಾರ್ಡ್ ಸಾಹೇಬರು, ಹಲ್ಲು ಕಚ್ಚಿ.

ನಿಲ್ದಾಣದ ಹಿಂದೆ, ಮಸುಕಾಗಿ, ಬೀರು. ಅದರ ಗಾಜಿನ ಬಾಗಿಲು ತೆರೆಯುತ್ತದೆ. ಬೂದು ತೋಳಿನ ಒಂದು ಕೈ ಎಡಗಡೆಯಿಂದ ಬಂದು, ಬೆರಳು ಅಗಲಿಸಿ, ಇಂಜಿನ್ ಹಿಡಿದು ಮರೆಯಾಗುತ್ತದೆ. ಒಟ್ಟು ಒಂದೂವರೆ ಸೆಕೆಂಡು. ಹೆಬ್ಬೆರಳು ಬಲಕ್ಕಿದೆ, ಉಳಿದ ಬೆರಳು ಎಡಕ್ಕೆ. ಎಡಗೈ, ಅದರಲ್ಲಿ ಎರಡು ಮಾತಿಲ್ಲ.

ತೋಳಿನಿಂದ ಏನೂ ತಿಳಿಯುವಂತಿರಲಿಲ್ಲ. ಬಟ್ಟೆಯ ಜುಂಗು ಇಂಜಿನ್ನಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆಂದು ಈ ಕೋಣೆಗೆ ಯಾರು ಬಂದರೂ ಬಾಗಿಲ ಹೊರಗಿನ ಗೂಟದಿಂದ ಬೂದು ನಿಲುವಂಗಿ ತೊಟ್ಟೇ ಬರಬೇಕು. ಚಿಕ್ಕಮ್ಮನೂ ಈಗ ಅದನ್ನೇ ತೊಟ್ಟಿದ್ದಳು. ತೋಳು ಬೆರಳ ಗೆಣ್ಣಿನವರೆಗೆ ಇಳಿದಿತ್ತು. ಇನ್ನೊಂದು ನಿಯಮ ಅದಕ್ಕಿಂತ ಕಟ್ಟುನಿಟ್ಟು: ಚಿತ್ರ ತೆಗೆಯುವಾಗ ಕೋಣೆಯಲ್ಲಿ ನರಪಿಳ್ಳೆ ಇರಕೂಡದು. ಮರದ ನೆಲ, ಯಾರಾದರೂ ಕಾಲು ಬದಲಿಸಿದರೂ ಗುಡ್ಡ ನಡುಗುತ್ತದೆ. ಹಾಗಾಗಿ ಆ ನಾಲ್ಕು ನಿಮಿಷ ಗಾರ್ಡ್ ಸಾಹೇಬರು ಮೆಟ್ಟಿಲ ಬಾಗಿಲಾಚೆ ನಿಂತು ಉದ್ದನೆಯ ತಂತಿಯ ತುದಿಯಲ್ಲಿ ರೈಲು ಓಡಿಸುತ್ತಿದ್ದರು. ಡಾಕ್ಟರು ದವಾಖಾನೆಯಲ್ಲಿ ಯಾರದೋ ದವಡೆ ಹಲ್ಲು ಕೀಳುತ್ತಿದ್ದರು. ಅಳಿಯ ತಾರಸಿಯಲ್ಲಿದ್ದೆ ಎನ್ನುತ್ತಾನೆ, ಒಬ್ಬನೇ. ತಾರಸಿಯಿಂದ ಮಲಗುವ ಕೋಣೆಯ ಮೂಲಕ ಇಲ್ಲಿಗೆ ಇನ್ನೊಂದು ಬಾಗಿಲಿದೆ.

ಅಕ್ಕ ಅದೇ ಬಾಗಿಲಿನಿಂದ ಚಹಾ ತಂದಳು. ನಿಯಮದ ಪ್ರಕಾರ ನಿಲುವಂಗಿ ತೊಟ್ಟೇ ಬಂದಿದ್ದಳು. ಹೆಬ್ಬೆರಳನ್ನು ತಟ್ಟೆಗೆ ತಾಕಿಸದೆ ನೆಟ್ಟಗೆ ಹಿಡಿದಿದ್ದಳು. ಈಳಿಗೆಗೆ ಕೊಟ್ಟುಕೊಂಡ ಗಾಯ, ಎರಡು ವಾರವಾದರೂ ಪೂರ್ತಿ ಮಾಗಿರಲಿಲ್ಲ.

“ಏನಾದ್ರೂ ಸಿಕ್ತೇನೇ?”

“ಇಲ್ಲ ಅಕ್ಕ.”

“ಅವನಲ್ಲ ಕಣೇ. ನಂಗೊತ್ತು.” ಫೋನು ಮಾಡಿ ತಂಗಿಯನ್ನು ಕರೆಸಿಕೊಂಡಾಗಲೂ ಅವಳು ಇದನ್ನೇ ಹೇಳಿದ್ದಳು, ಇಷ್ಟೇ ಮಾತಿನಲ್ಲಿ.

“ಗೊತ್ತಂತೆ!” ಗಾರ್ಡ್ ಸಾಹೇಬರು ಮೂಗು ಮುರಿದರು. “ಕಣ್ಣಿಗೆ ಕಾಣ್ತಿರೋದು ಸುಳ್ಳು, ಇವಳಿಗೆ ಗೊತ್ತಿರೋದು ನಿಜ.”

ಅಕ್ಕ ತಟ್ಟೆ ಎತ್ತಿಕೊಂಡು ಕೆಳಗಿಳಿದಳು. ಚಿಕ್ಕಮ್ಮ ಚಹಾ ಹೀರುತ್ತ ಎದ್ದು ಬೀರುವಿನ ಬಳಿ ಹೋದಳು. ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ಲಾರಿ ಪರೀಕ್ಷೆ ಮಾಡಿ ನಿವೃತ್ತಳಾದ ಹೆಂಗಸು. ಯಾವ ಜಾಗಕ್ಕೆ ಹೋದರೂ ಮೊದಲು ಅಲ್ಲಿನ ಬಾಗಿಲು ತೆಗೆದು ಹಾಕಿ ನೋಡುವುದು ಅವಳ ಹಳೆಯ ಚಾಳಿ. ಇಲ್ಲಿ ಆ ಕೆಲಸ ಮಾಡಿರಲೇ ಇಲ್ಲ; ಬರಿದಾದ ಬೀರುವನ್ನು ಯಾರೂ ಮುಟ್ಟಕೂಡದೆಂದು ಭಾವನ ಆಜ್ಞೆಯಾಗಿತ್ತು. ಈಗ ಅವರು ಫಿಲ್ಮು ಹಿಂದಕ್ಕೆ ತಿರುಗಿಸುವುದರಲ್ಲಿ ಮುಳುಗಿದ್ದರು. ಅವಳು ಹಿಡಿ ಹಿಡಿದು ಎಳೆದಳು.

ಬಾಗಿಲು ಬಲಕ್ಕೆ ತೆರೆದುಕೊಂಡು ಕಂಬಕ್ಕೆ ಟಪ್ಪೆಂದು ಬಡಿಯಿತು.

“ಏಯ್! ಗಾಜು ಕಣಮ್ಮಾ ಅದು!”

ಚಿಕ್ಕಮ್ಮ ಬಾಗಿಲು ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಟಪ್ಪ್.

“ಭಾವ, ಈ ಬಾಗಿಲು ಯಾವ ಕಡೆಗೆ ತೆರೆಯುತ್ತೆ?”

“ಕಂಬದ ಕಡೆಗೆ. ಬಲಕ್ಕೆ. ಇಪ್ಪತ್ತು ವರ್ಷದಿಂದ ಆ ಕಂಬಕ್ಕೆ ಬಡೀತಾನೇ ಇದೆ.”

“ಫಿಲ್ಮಲ್ಲಿ?”

“ಫಿಲ್ಮಲ್ಲೂ...” ಗಾರ್ಡ್ ಸಾಹೇಬರ ಬೆರಳು ಗುಂಡಿಯ ಮೇಲೆ ನಿಂತಿತು. ಗೋಡೆಯ ಮೇಲೆ ಬೀರು ಮಸುಕಾಗಿ ನಿಂತಿತ್ತು, ಬಾಗಿಲು ಅರ್ಧ ತೆರೆದು. ಎಡಕ್ಕೆ.

ಚಿಕ್ಕಮ್ಮನ ಕಣ್ಣು ಮೇಜಿನಾಚೆಯ ಗೋಡೆಯ ಬದಿಗೆ ಹೋಯಿತು.

“ಕನ್ನಡಿ,” ಎಂದಳು ಚಿಕ್ಕಮ್ಮ. “ನೀವು ಈ ನಿಲ್ದಾಣ ತೆಗೆಯೋದು ಕನ್ನಡೀಲಿ ಅಲ್ವಾ?”

ಅದು ನಿಜವೇ. ಉಗುರಿನಷ್ಟೆತ್ತರದ ಮನುಷ್ಯ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದ ಹಾಗೆ ಚಿತ್ರ ಬರಬೇಕಾದರೆ ಕ್ಯಾಮೆರಾ ಮೇಜಿನ ಮಟ್ಟಕ್ಕೆ ಇಳಿಯಬೇಕು. ಅಷ್ಟು ಜಾಗ ಅಲ್ಲಿಲ್ಲ. ಅದಕ್ಕೇ ಗೋಡೆಯ ಬದಿಗೆ ಒಂದು ಪಟ್ಟಿ ಕನ್ನಡಿ ನಿಲ್ಲಿಸಿ, ಕ್ಯಾಮೆರಾವನ್ನು ಅದರತ್ತ ಮುಖ ಮಾಡಿಸುತ್ತಾರೆ. ಕ್ಯಾಮೆರಾದ ಬೆನ್ನು ಬೀರುವಿಗೆ, ಮುಖ ಗೋಡೆಗೆ. ನಿಲ್ದಾಣವೂ ಅದರ ಹಿಂದಿನ ಬೀರುವೂ ಕನ್ನಡಿಯೊಳಗೆ ಕಾಣುತ್ತವೆ.

“ಅಷ್ಟೂ ಗೊತ್ತಿಲ್ಲದೆ ಕೂತಿದೀನಾ ನಾನು?” ಗಾರ್ಡ್ ಸಾಹೇಬರು ರೇಗಿದರು. “ಕನ್ನಡೀಲಿ ತೆಗೆದಿದ್ದನ್ನ ಅಳಿಯಂದ್ರು ಕಂಪ್ಯೂಟರಲ್ಲಿ ತಿರುಗಿಸಿ ನೆಟ್ಟಗೆ ಮಾಡ್ತಾರೆ. ಪ್ರತಿ ಸಲಾನೂ. ಅನುಮಾನ ಇದ್ರೆ ಬೋರ್ಡು ನೋಡು. ‘ನಿಧಾನ’. ನೆಟ್ಟಗೆ ಓದಕ್ಕೆ ಬರ್ತಿದೆಯೋ ಇಲ್ವೋ? ಬೋರ್ಡು ನೆಟ್ಟಗಿದೆ ಅಂದ್ರೆ ಚಿತ್ರ ನೆಟ್ಟಗಿದೆ. ಇದು ನಮ್ಮ ಲೆಕ್ಕ.”

“ಬೋರ್ಡು ನೆಟ್ಟಗಿದೆ. ಬಾಗಿಲು ಮಾತ್ರ ಉಲ್ಟಾ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ ಭಾವ. ಬಾಗಿಲಿಗೆ ಸುಳ್ಳು ಹೇಳಕ್ಕೆ ಬರಲ್ಲ.”

ಚಿಕ್ಕಮ್ಮ ಸೊಂಟ ಹಿಡಿದುಕೊಂಡು ಮೇಜಿನ ಮೇಲೆ ಬಾಗಿದಳು. ನಿಲ್ದಾಣದ ಹಲಗೆ ಗೋಡೆಯ ಕಡೆ, ಅಂದರೆ ಕನ್ನಡಿಯ ಕಡೆ, ಮುಖ ಮಾಡಿ ನಿಂತಿತ್ತು. ಇತ್ತ ನಿಂತವರಿಗೆ ಅದರ ಬೆನ್ನಷ್ಟೇ ಕಾಣುವುದು. ಅವಳು ಎರಡು ಬೆರಳಿನಲ್ಲಿ ಹಲಗೆಯನ್ನು ಮೆಲ್ಲಗೆ ಕಿತ್ತು ಮುಂದೆ ತಿರುಗಿಸಿದಳು. ಕನ್ನಡಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

ಮೂರಕ್ಷರವನ್ನೂ ಬಲದಿಂದ ಎಡಕ್ಕೆ, ಹಿಂದುಮುಂದಾಗಿ, ಅಂದವಾಗಿ ಬರೆಯಲಾಗಿತ್ತು.

“ಇದನ್ನ ಯಾರು ಬರೆದಿದ್ದು ಭಾವ?”

ಗಾರ್ಡ್ ಸಾಹೇಬರು ಹಲಗೆಯಿಂದ ಕಣ್ಣು ತಪ್ಪಿಸಿದರು. ಅವರ ಮುಖ ನೋಡಿದರೆ ತುಪ್ಪ ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗಿತ್ತು.

“ನಾನೇ,” ಎಂದರು ಕೊನೆಗೆ.

“ಯಾವಾಗ?”

“ಚಿತ್ರ ತೆಗೆಯೋ ಹಿಂದಿನ ದಿನ ಹಚ್ಚಿದೆ. ಮೂರು ಮಧ್ಯಾಹ್ನ ಬೇಕಾಯ್ತು. ಕನ್ನಡಿ ಮುಂದೆ ಹಿಡ್ಕೊಂಡು, ಒಂದೆಳೆ ಕುಂಚದಲ್ಲಿ...” ಅವರು ಕುಂಚ ಹಿಡಿದ ಹಾಗೆ ಬೆರಳು ಆಡಿಸಿದರು. “ಪಾಪ, ಅವರು ಶಾಲೆಯಿಂದ ಸುಸ್ತಾಗಿ ಬಂದು ಕಂಪ್ಯೂಟರ್ ಮುಂದೆ ಕೂರ್ತಾರೆ. ಪ್ರತಿ ಚಿತ್ರಾನೂ ತಿರುಗಿಸಬೇಕು. ಬೋರ್ಡನ್ನೇ ಉಲ್ಟಾ ಬರೆದ್ರೆ ಕನ್ನಡೀಲಿ ನೆಟ್ಟಗೆ ಕಾಣುತ್ತಲ್ಲ, ಅಷ್ಟಾದ್ರೂ ಕೆಲಸ ಉಳೀಲಿ ಅಂತ.”

“ಅವನಿಗೆ ಹೇಳಿದ್ರಾ?”

“ಹೇಳೋದೇನು? ಮಾಡಿದ್ದನ್ನೆಲ್ಲ ಡಂಗುರ ಹೊಡೀಬೇಕಾ? ಅವರೇ ನೋಡಿ ತಿಳ್ಕೊಳ್ಳಲಿ ಅಂತ... ಇಂಜಿನ್ ಹೋದ ಗಲಾಟೇಲಿ ನಂಗೇ ಮರೆತುಹೋಗಿತ್ತು...”

ಗಾರ್ಡ್ ಸಾಹೇಬರು ಗೋಡೆಯ ಮೇಲಿನ ಚಿತ್ರ ನೋಡಿದರು, ಚಿಕ್ಕಮ್ಮನ ಕೈಯಲ್ಲಿದ್ದ ಹಲಗೆ ನೋಡಿದರು, ಮತ್ತೆ ಚಿತ್ರ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

ಚಿಕ್ಕಮ್ಮ ಮೆಟ್ಟಿಲ ಬಳಿ ಹೋಗಿ ಕೂಗಿದಳು. “ಮೇಷ್ಟ್ರೇ, ಮೇಲೆ ಬನ್ನಿ. ಕಂಪ್ಯೂಟರೂ ತನ್ನಿ. ನಿಲುವಂಗಿ ಹಾಕ್ಕೊಂಡೇ ಬನ್ನಿ, ಇಲ್ಲಾಂದ್ರೆ ನಿಮ್ಮ ಮಾವ ಇನ್ನೊಂದು ದೂರು ಬರೀತಾರೆ.”

ಅಳಿಯ ಬಂದ. ಒಂಬತ್ತು ದಿನದಿಂದ ಸರಿಯಾಗಿ ಗಡ್ಡ ಹೆರೆದಿರಲಿಲ್ಲ. ಅವನ ಹಿಂದೆ ಹೆಂಡತಿ, ಅವನ ನಿಲುವಂಗಿಯ ತುದಿ ಹಿಡಿದುಕೊಂಡು. ಮಾವನ ಕಡೆ ಇಬ್ಬರೂ ನೋಡಲಿಲ್ಲ.

“ಈ ಫಿಲ್ಮನ್ನ ನೀವು ತಿರುಗಿಸಿದ್ರಾ?” ಎಂದಳು ಚಿಕ್ಕಮ್ಮ.

“ತಿರುಗಿಸಿರ್ತೀನಿ ಚಿಕ್ಕಮ್ಮ. ಯಾವಾಗಲೂ ತಿರುಗಿಸ್ತೀನಿ.”

“ಯಾವಾಗಲೂ ಬೇಡ. ಅವತ್ತು?”

ಅವನು ಹಣೆ ಉಜ್ಜಿಕೊಂಡ. “ಮೊದಲು ಬೋರ್ಡು ನೋಡ್ತೀನಿ. ಉಲ್ಟಾ ಇದ್ರೆ ತಿರುಗಿಸ್ತೀನಿ. ಅವತ್ತು... ಬೋರ್ಡು ನೆಟ್ಟಗಿತ್ತು. ಆಗಲೇ ತಿರುಗಿಸಿ ಮರೆತಿದ್ದೀನೇನೋ ಅನ್ಕೊಂಡು ಬಿಟ್ಟೆ. ಆಮೇಲೆ ಗೀರು, ನಡುಕ ಎಲ್ಲ ಸೇರಿಸಿ, ಕ್ಯಾಮೆರಾದಲ್ಲಿದ್ದಿದ್ದನ್ನ ಅಳಿಸಿಬಿಟ್ಟೆ.”

ಚಿಕ್ಕಮ್ಮ ಹಲಗೆಯನ್ನು ಅವನ ಅಂಗೈಯಲ್ಲಿ ಇಟ್ಟಳು.

ಅವನು ಅದನ್ನು ನೋಡಿದ. ಓದಲು ಹೋದ. ತುಟಿ ಅಲುಗಿತು, ಓದಲಾಗಲಿಲ್ಲ. ಕಂಪ್ಯೂಟರ್ ತೆರೆದು, ಪ್ರೊಜೆಕ್ಟರಿನ ತಂತಿ ಸಿಕ್ಕಿಸಿ, ಒಂದು ಗುಂಡಿ ಒತ್ತಿದ.

ಗೋಡೆಯ ಮೇಲೆ ಇಡೀ ಊರು ಮಗ್ಗುಲು ಬದಲಿಸಿತು. ‘ನಿಧಾನ’ ಓದಲಾಗದ ಗೀಚಾಯಿತು. ಬೀರುವಿನ ಬಾಗಿಲು ಬಲಕ್ಕೆ, ಕಂಬದತ್ತ, ತೆರೆದುಕೊಂಡಿತು. ಬೂದು ತೋಳಿನ ಕೈ ಈಗ ಬಲಗಡೆಯಿಂದ ಬಂತು. ಹೆಬ್ಬೆರಳು ಎಡಕ್ಕೆ.

ಬಲಗೈ.

“ಅಯ್ಯೋ ದೇವರೇ,” ಎಂದಳು ಮಗಳು. ಎಂದವಳು ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅಳತೊಡಗಿದಳು. ಒಂಬತ್ತು ದಿನ ತಡೆದಿಟ್ಟುಕೊಂಡದ್ದೆಲ್ಲ ಒಟ್ಟಿಗೇ ಬಂತು. ಮರದ ನೆಲ, ಮೇಜು, ಗುಡ್ಡ ಎಲ್ಲ ಅಲುಗಿ ಟೋಪಿ ತೆಗೆದ ಮುದುಕ ಪ್ಲಾಟ್‌ಫಾರಂ ಮೇಲೆ ಬಿದ್ದ. ಈ ಸಲ ಗಾರ್ಡ್ ಸಾಹೇಬರು ಯಾರನ್ನೂ ಗದರಲಿಲ್ಲ.

ಅಳಿಯ ತನ್ನ ಎಡಗೈಯನ್ನೇ ನೋಡುತ್ತಿದ್ದ. “ನಂಗೇ ನನ್ನ ಮೇಲೆ ಅನುಮಾನ ಬಂದ್ಬಿಟ್ಟಿತ್ತು ಚಿಕ್ಕಮ್ಮ. ನಾನೇ ತೆಗೆದು, ನಾನೇ ಮರೆತಿದ್ದೀನಾ ಅಂತ. ತಲೆ ಕೆಟ್ಟಿದೆಯಾ ಅಂತ.” ಆಮೇಲೆ ಹಲಗೆಯನ್ನು ಎತ್ತಿ ಹಿಡಿದು ಮೊದಲ ಬಾರಿಗೆ ಮಾವನ ಕಡೆ ತಿರುಗಿದ. “ಇದನ್ನ ನನಗೋಸ್ಕರ ಬರೆದ್ರಾ ಮಾವ?”

ಗಾರ್ಡ್ ಸಾಹೇಬರಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಕುರ್ಚಿಯಿಂದ ಎದ್ದರು. ಜೇಬಿನ ದೂರನ್ನು ತೆಗೆದರು. ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು, ಎಂಟಾಗಿ ಮಡಿಸಿದರು. ಮಂಡಿಯೂರಿ ಕೂತು ಅದನ್ನು ಮೇಜಿನ ಮೂಲೆಯ ಕಾಲಿನ ಕೆಳಗೆ ತೂರಿಸಿದರು.

“ನಾಲ್ಕು ತಿಂಗಳಿಂದ ಈ ಕಾಲು ಅಲುಗಾಡ್ತಿತ್ತು,” ಎಂದರು ನೆಲ ನೋಡುತ್ತ. “ಈಗ ಸರಿ ಹೋಯ್ತು.”

ಅಳಿಯ ಅವರ ತೋಳು ಹಿಡಿದು ಎಬ್ಬಿಸಿದ. ಗಾರ್ಡ್ ಸಾಹೇಬರು ಎದ್ದರು. ಹಿಡಿದ ಕೈ ಬಿಡಲಿಲ್ಲ. ಅದು ಎಡಗೈ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನನ್ನ ಬುದ್ಧಿಗಿಷ್ಟು ಮಣ್ಣು ಹಾಕ,” ಎಂದರು. ಕಣ್ಣು ತುಂಬಿದ್ದವು. ಒಂಬತ್ತು ದಿನ ತಮ್ಮದೇ ಸರಿ ಎಂದು ಪಟ್ಟು ಹಿಡಿದವರಿಗೆ ತಮ್ಮದು ತಪ್ಪಾದದ್ದಕ್ಕೆ ಇಷ್ಟು ಹಗುರಾಗುತ್ತದೆಂದು ಗೊತ್ತಿರಲಿಲ್ಲ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಆ ಮನೆಯಲ್ಲಿ ಆಗ ನಾಲ್ವರಿಗೂ ಹಾಗೇ ಆಯಿತು.

“ಹಾಗಾದ್ರೆ ಬಲಗೈ ಯಾರದಪ್ಪ?” ಎಂದಳು ಮಗಳು ಮೂಗು ಒರೆಸಿಕೊಳ್ಳುತ್ತ.

“ಬಲಗೈ ಇರೋರು ಊರು ತುಂಬ ಇದ್ದಾರೆ,” ಎಂದಳು ಚಿಕ್ಕಮ್ಮ. “ಅದು ನಾಳೆ ನೋಡೋಣ. ಇವತ್ತು ಆ ಪೆಟ್ಟಿಗೆ ಬಿಚ್ಚು ಹೋಗು.”

ಮಗಳು ಅಳುವಿನ ನಡುವೆಯೇ ನಕ್ಕಳು. ಗಾರ್ಡ್ ಸಾಹೇಬರಂತೂ ಹತ್ತು ವರ್ಷ ಕಿರಿಯರಾಗಿದ್ದರು. ಕೆಟ್ಟ ಚಿತ್ರ ಕೆಟ್ಟಿತು, ಈಗಲೇ ಹೊಸದಾಗಿ ತೆಗೆಯೋಣ ಎಂದು ಗಡಿಬಿಡಿ ಶುರುಮಾಡಿದರು. ಬಿದ್ದ ಮುದುಕನನ್ನು ಎತ್ತಿ ನಿಲ್ಲಿಸಿದರು. ಹಲ್ಲು ಡಾಕ್ಟರಿಗೆ ಫೋನು ಮಾಡಿ, “ಅಳಿಯಂದ್ರು ಗೆದ್ರು ಕಣಯ್ಯಾ! ಹೊಸ ಪ್ಯಾಸೆಂಜರುಗಳನ್ನ ತಗೊಂಡು ಬಾ!” ಎಂದು ಕಿರುಚಿದರು. ಅಳಿಯ ದೀಪಕ್ಕೆ ಹಳದಿ ಕಾಗದ ಸುತ್ತಿ ಸಂಜೆ ಬಿಸಿಲು ಮಾಡಿದ. ಮಗಳು ಹತ್ತಿ ಹಿಂಜಿ ಹೊಗೆ ಮಾಡಿದಳು. ಚಿಕ್ಕಮ್ಮನಿಗೆ ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಗಿ, ತಣ್ಣಗಾದ ಚಹಾವನ್ನೇ ಖುಷಿಯಿಂದ ಕುಡಿದಳು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳು ಚಿಕ್ಕಮ್ಮನೇ ಅಲ್ಲ. ಅವರೆಲ್ಲ ಗುಡ್ಡದ ಸುತ್ತ ಗಲಾಟೆ ಮಾಡುತ್ತಿರುವಾಗ ತಿರುಗಿಸಿದ ಚಿತ್ರವನ್ನು ಮೂಲೆಯಲ್ಲಿ ಒಬ್ಬಳೇ ಇನ್ನೊಮ್ಮೆ ನೋಡಿದಳು, ಮೆಲ್ಲಗೆ, ಒಂದೊಂದೇ ಚೌಕಟ್ಟು.

ಅಳಿಯ ಸೇರಿಸಿದ ಗೀರುಗಳು ಕ್ಷಣಕ್ಕೊಂದು ಕಡೆ ಮಿಂಚಿ ಮಾಯವಾಗುತ್ತಿದ್ದವು. ಒಂದು ಮಾತ್ರ ಮಾಯವಾಗಲಿಲ್ಲ. ಸಣ್ಣ ಬಿಳಿ ಪಟ್ಟಿ, ಅಡ್ಡಕ್ಕೆ. ಕೈ ಹೋದಲ್ಲೆಲ್ಲ ಅದೂ ಹೋಗುತ್ತಿತ್ತು.

ಅದು ಗೀರಲ್ಲ. ಹೆಬ್ಬೆರಳಿಗೆ ಸುತ್ತಿದ ಗಾಯದ ಪಟ್ಟಿ.

ಒಂಬತ್ತು ದಿನ ಎಲ್ಲರೂ ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಿದರೇ ಹೊರತು ಅದರ ಮೇಲೇನಿದೆ ಎಂದು ಯಾರೂ ನೋಡಿರಲಿಲ್ಲ. ಚಿಕ್ಕಮ್ಮ ಕಂಪ್ಯೂಟರ್ ಮುಚ್ಚಿದಳು.

“ಎಲ್ಲಾ ಹೊರಗೆ! ಗಾಡಿ ಹೊರಡುತ್ತೆ!” ಎಂದರು ಗಾರ್ಡ್ ಸಾಹೇಬರು.

ಅವರು ಮೂವರೂ ಮೆಟ್ಟಿಲ ಬಾಗಿಲಾಚೆ ನಿಂತರು. ಚಿಕ್ಕಮ್ಮ ಅಡುಗೆಮನೆಗೆ ಇಳಿದಳು.

ಅಕ್ಕ ಹಿಟ್ಟು ಕಲಸುತ್ತಿದ್ದಳು, ಹೆಬ್ಬೆರಳನ್ನು ನೆಟ್ಟಗೆ ಹಿಡಿದು. ಮೇಲಿನ ನಗು ಅವಳಿಗೂ ಕೇಳಿತ್ತು, ಮುಖ ಅರಳಿತ್ತು. “ನಾನು ಹೇಳಿರಲಿಲ್ವೇನೇ? ಅವನಲ್ಲ ಅಂತ.”

“ಹೇಳಿದ್ದೆ ಅಕ್ಕ. ಯಾರು ಅಂತ ಮಾತ್ರ ನೀನು ಒಂದು ಸಲಾನೂ ಕೇಳ್ಲಿಲ್ಲ.”

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು.

“ಕದಿಯಕ್ಕೆ ಹೋದಾಗಲೂ ನಿಲುವಂಗಿ ಹಾಕ್ಕೊಂಡಿದ್ದೀಯಲ್ಲ,” ಎಂದಳು ಚಿಕ್ಕಮ್ಮ. ನಗಬೇಕೋ ಅಳಬೇಕೋ ಅವಳಿಗೇ ತಿಳಿಯಲಿಲ್ಲ.

“ಅವರು ಹೇಳಿದ ಹಾಗೆ ಕೇಳೋದು ಮೂವತ್ತೆಂಟು ವರ್ಷದ ಅಭ್ಯಾಸ ಕಣೇ. ಅವರ ನಿಯಮ.” ಅಕ್ಕ ಸಣ್ಣ ಧ್ವನಿಯಲ್ಲಿ ಹೇಳಿದಳು. “ಕ್ಯಾಮೆರಾ ಗೋಡೆ ನೋಡ್ತಿತ್ತು. ಅದಕ್ಕೆ ಬೆನ್ನ ಹಿಂದಿರೋದೂ ಕಾಣುತ್ತೆ ಅಂತ ನಂಗೇನು ಗೊತ್ತು? ಹುಡುಗನ ಮೇಲೆ ಬರುತ್ತೆ ಅಂತ ಗೊತ್ತಿದ್ರೆ ಮುಟ್ತಿದ್ನಾ? ಅದಕ್ಕೇ ನಿನ್ನ ಕರೆಸ್ದೆ. ಇವತ್ತು ನೀನು ಬಿಡಿಸದೇ ಇದ್ದಿದ್ರೆ ನಾಲ್ಕು ಗಂಟೆಗೆ ನಾನೇ ಹೇಳ್ತಿದ್ದೆ, ಆಣೆಗೂ.”

“ಯಾಕಕ್ಕಾ?”

ಅಕ್ಕ ಕೈ ತೊಳೆದಳು. ಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಬಟ್ಟೆಗಂಟು ತೆಗೆದಳು, ಬಿಚ್ಚಿ ತಂಗಿಯ ಅಂಗೈಯಲ್ಲಿ ಇಟ್ಟಳು. ಮಿರಮಿರ ಮಿಂಚುವ ಹಳದಿ ಇಂಜಿನ್. ಕಂಡಿ, ಸರಳು, ಚಕ್ರ, ಎಲ್ಲ ಇದ್ದವು.

ಚಿಕ್ಕಮ್ಮನ ಕೈ ತಾನಾಗಿ ಮೇಲೆದ್ದಿತು. ಭಾರವಿರುತ್ತದೆಂದು ಬಿಗಿಹಿಡಿದಿದ್ದಳು, ಭಾರವೇ ಇರಲಿಲ್ಲ.

“ವಾರಕ್ಕೊಂದು ಸಲ ಇದನ್ನ ಒರೆಸೋಳು ನಾನು. ನಂಗೆ ತೂಕ ಗೊತ್ತಾಗಲ್ವಾ?” ಅಕ್ಕ ಇಂಜಿನ್ನಿನ ಅಡಿ ತೋರಿಸಿದಳು. ಚಾಕುವಿನಿಂದ ಕೆರೆದ ಒಂದು ಗುರುತು. ಹಳದಿ ಬಣ್ಣದ ಕೆಳಗೆ ಬಿಳಿ ಪುಡಿ. “ಅಸಲಿದನ್ನ ಎತ್ತಿ ಇದನ್ನ ಇಟ್ಟಿದ್ದು ಆ ವಾರದಲ್ಲೇ ಇರಬೇಕು. ನಿಲ್ದಾಣದ ಚಿತ್ರ ಆದ ಮಾರನೇ ದಿನ ನಿಮ್ಮ ಭಾವ ಇದನ್ನ ದೊಡ್ಡ ಲೆನ್ಸು ಹಾಕಿ ಹತ್ತಿರದಿಂದ ಚಿತ್ರ ತೆಗೀತೀನಿ ಅಂತ ಕೂತಿದ್ರು. ಲೆನ್ಸಲ್ಲಿ ಎಲ್ಲಾ ಕಂಡುಬಿಡ್ತಿತ್ತು. ಈ ಬಿಳಿ ಪುಡಿ ಮನೆಗೆ ತರೋರು ಯಾರು ಅಂತ ಅವರಿಗೆ ಗೊತ್ತಿಲ್ವಾ? ಇಂಜಿನ್ ಕಳೆದುಹೋಗಿದೆ ಅಂದ್ರೆ ಹೇಗೋ ತಡ್ಕೋತಾರೆ. ನಲವತ್ತು ವರ್ಷದ ಗೆಳೆಯ ಹೀಗೆ ಮಾಡಿದ ಅಂದ್ರೆ ತಡ್ಕೊಳ್ಳಲ್ಲ ಕಣೇ. ಅವರಿಗಿರೋನು ಅವನೊಬ್ಬನೇ.”

ಮೇಲೆ ಗಾರ್ಡ್ ಸಾಹೇಬರ ಸೀಟಿ ಕೇಳಿಸಿತು. ಹಳಿಯ ಮೇಲೆ ಗಾಡಿ ಮೆಲ್ಲಗೆ ಕಟಕಟ ಎನ್ನತೊಡಗಿತು.

ಹಿತ್ತಲ ಬಾಗಿಲು ಯಾರೋ ತಟ್ಟಿದರು. ಚಿಕ್ಕಮ್ಮ ಇಂಜಿನ್ನನ್ನು ಬಟ್ಟೆಯ ಸಮೇತ ಮೇಜಿನ ಮೇಲಿಟ್ಟು ಪಾತ್ರೆ ಮುಚ್ಚಿದಳು.

ಹಲ್ಲು ಡಾಕ್ಟರು ಒಳಬಂದರು. ಗುಂಡು ಮುಖ, ನಗುವಿನ ಕಣ್ಣು, ಕೈಯಲ್ಲಿ ಹತ್ತಿ ಹಾಸಿದ ಪುಟ್ಟ ಪೆಟ್ಟಿಗೆ. “ಅಳಿಯಂದ್ರು ಗೆದ್ರಂತಲ್ಲ! ಒಂಬತ್ತು ದಿನದಿಂದ ನಂಗೂ ಊಟ ಸೇರಿರಲಿಲ್ಲ ಕಣ್ರಮ್ಮ. ಆ ಹುಡುಗ ಅಂಥವನಲ್ಲ ಅಂತ ಎಷ್ಟು ಬಡ್ಕೊಂಡೆ.” ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ನಿಜಕ್ಕೂ ಇಳಿದುಹೋಗಿದ್ದರು. “ಮೇಲೆ ಹೋಗ್ಲಾ?”

“ಶಾಟ್ ನಡೀತಿದೆ. ನಾಲ್ಕು ನಿಮಿಷ,” ಎಂದಳು ಚಿಕ್ಕಮ್ಮ, ಕುರ್ಚಿ ಎಳೆದು ಕೊಡುತ್ತ. “ಕೂತ್ಕೊಳ್ಳಿ ಡಾಕ್ಟ್ರೇ. ಇನ್ನೊಂದು ಒಳ್ಳೇ ಸುದ್ದಿ ಇದೆ. ಇಂಜಿನ್ ಸಿಕ್ತು.”

ಡಾಕ್ಟರ ಕೈ ಪೆಟ್ಟಿಗೆಯ ಮೇಲೆ ಬಿಗಿಯಾಯಿತು.

“ಸಿಕ್ತಾ? ಎಲ್ಲಿ?” ಎಂದರು. ಆಮೇಲೆ, ತಡೆಯಲಾರದೆ, “ಒಡೆದಿಲ್ಲ ತಾನೆ?”

ಅಕ್ಕ ಕಣ್ಣು ಮುಚ್ಚಿಕೊಂಡಳು. ಮೇಲೆ ಗಾಡಿ ಸುರಂಗ ದಾಟಿ ‘ನಿಧಾನ’ದ ಕಡೆ ಬರುತ್ತಿತ್ತು. ಬಾಗಿಲಾಚೆ ಮಾವ, ಅಳಿಯ ಉಸಿರು ಬಿಗಿಹಿಡಿದು ನಿಂತಿದ್ದರು.

“ಹಿತ್ತಾಳೆ ಒಡೆಯುತ್ತಾ ಡಾಕ್ಟ್ರೇ?” ಎಂದಳು ಚಿಕ್ಕಮ್ಮ.